ಮಗಳ ಶಾಲೆಗಾಗಿ ಹೋರಾಡಿದ ತಾಯಿ

ಮಗುವನ್ನು ಮನೆಯ ಹತ್ತಿರದ ಸರಕಾರಿ ಶಾಲೆಗೆ ಸೇರಿಸಬೇಕೆಂದು ತಾಯಿಯೊಬ್ಬಳು ಬಯಸುವುದರಲ್ಲಿ ವಿಶೇಷವೇನೂ ಇಲ್ಲ. ಆದರೆ 1884ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಒಬ್ಬ ಚೀನಿ ತಾಯಿಯ ಈ ಬಯಕೆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಆಕೆಯೇ ಮೇರಿ ಟೇಪ್.

ಮೇರಿ ಹುಟ್ಟಿದ್ದು 1857ರಲ್ಲಿ, ಚೀನಾ ದೇಶದಲ್ಲಿ. 1868ರಲ್ಲಿ, ಹನ್ನೊಂದು ವರ್ಷದ ಬಾಲೆಯಾಗಿ ಆಕೆ ಸಮುದ್ರ ದಾಟಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಳು. ಜೊತೆಗೆ ತಂದೆ ತಾಯಿ ಇರಲಿಲ್ಲ. ಮೊದಲ ಕೆಲವು ತಿಂಗಳನ್ನು ಚೀನಿಯರ ಕೇರಿಯಲ್ಲಿ ಕಳೆದ ಮೇಲೆ, ಪ್ರೊಟೆಸ್ಟೆಂಟ್ ಮಹಿಳೆಯರು ನಡೆಸುತ್ತಿದ್ದ ಅನಾಥಾಶ್ರಮ ಆಕೆಗೆ ಆಶ್ರಯ ನೀಡಿತು. ಅಲ್ಲಿ ಸುಮಾರು ಐದು ವರ್ಷ ಬೆಳೆದಳು. ಇಂಗ್ಲಿಷ್ ಕಲಿತಳು, ಕ್ರೈಸ್ತ ಪ್ರಾರ್ಥನೆ ಕಲಿತಳು. ತನ್ನನ್ನು ಸಾಕಿದ ಮೇಲ್ವಿಚಾರಕಿಯ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡಳು.

ಆ ಆಶ್ರಮಕ್ಕೆ ಹಾಲು ತರುತ್ತಿದ್ದ ಯುವಕ ಜೋಸೆಫ್ ಟೇಪ್. ಅವನೂ ಬಾಲ್ಯದಲ್ಲೇ ಚೀನಾದಿಂದ ಬಂದವನು; ಜ್ಯೂ ಡಿಪ್ ಎಂಬುದು ಅವನ ಮೊದಲಿನ ಹೆಸರು. ಇಬ್ಬರೂ ಚೀನಿಯರಾದರೂ ಅವನ ನುಡಿ ಬೇರೆ, ಅವಳ ನುಡಿ ಬೇರೆ. ಹೀಗಾಗಿ ಇಂಗ್ಲಿಷೇ ಅವರ ಮನೆಮಾತಾಯಿತು. 1875ರಲ್ಲಿ ಅವರ ಮದುವೆ ನಡೆಯಿತು. ಮರುವರ್ಷ ಹಿರಿಯ ಮಗಳು ಮೇಮಿ ಹುಟ್ಟಿದಳು. ಆನಂತರ ಫ್ರಾಂಕ್, ಎಮಿಲಿ, ಗರ್ಟ್ರೂಡ್ ಹುಟ್ಟಿದರು. ಜೋಸೆಫ್ ಹಾಲಿನ ಗಾಡಿ ಬಿಟ್ಟು ಸ್ವಂತ ಗಾಡಿಗಳಲ್ಲಿ ಸಾಮಾನು ಸಾಗಿಸುವ ವ್ಯಾಪಾರ ಆರಂಭಿಸಿದ. ಸಂಸಾರ ಚೀನಿಯರ ಕೇರಿಯಿಂದ ದೂರ, ಬಿಳಿಯರ ನೆರೆಯಲ್ಲಿ ನೆಲೆಸಿತ್ತು. ಮೇಮಿಯ ಆಟದ ಗೆಳತಿಯರೆಲ್ಲ ಬಿಳಿಯ ಮಕ್ಕಳೇ.

ಆದರೆ ಕಾಲ ಚೀನಿಯರ ಪಾಲಿಗೆ ಕಠಿಣವಾಗಿತ್ತು. ರೈಲು ಹಳಿ ಹಾಕಲು ಅವರ ಬೆವರು ಬೇಕಾಗಿತ್ತು. ಹಳಿ ಮುಗಿದ ಮೇಲೆ ಅವರು ಯಾರಿಗೂ ಬೇಡವಾದರು. 1882ರಲ್ಲಿ ಚೀನಿ ಕಾರ್ಮಿಕರು ದೇಶಕ್ಕೆ ಬರುವುದನ್ನೇ ನಿಷೇಧಿಸುವ ಕಾಯಿದೆ ಜಾರಿಯಾಯಿತು. 1871ರಿಂದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನಿ ಮಕ್ಕಳಿಗೆ ಸರಕಾರಿ ಶಾಲೆಯೇ ಇರಲಿಲ್ಲ. ಅವರ ತಂದೆಯರು ಮಾತ್ರ ಎಲ್ಲರಂತೆ ತೆರಿಗೆ ಕಟ್ಟುತ್ತಿದ್ದರು.

ಇಂಥ ದಿನಗಳಲ್ಲಿ, 1884ರ ಸೆಪ್ಟೆಂಬರಿನಲ್ಲಿ, ಎಂಟು ವರ್ಷದ ಮೇಮಿ ಸ್ಪ್ರಿಂಗ್ ವ್ಯಾಲಿ ಶಾಲೆಯ ಬಾಗಿಲಿಗೆ ಬಂದಳು. ಮುಖ್ಯೋಪಾಧ್ಯಾಯಿನಿ ಜೆನ್ನಿ ಹರ್ಲಿ ಆಕೆಯನ್ನು ಸೇರಿಸಿಕೊಳ್ಳಲಿಲ್ಲ. ಚೀನಿ ಮಗುವನ್ನು ಸೇರಿಸಿಕೊಳ್ಳುವ ಮುಖ್ಯೋಪಾಧ್ಯಾಯರನ್ನು ಕೆಲಸದಿಂದ ತೆಗೆಯುವುದಾಗಿ ನಗರದ ಶಿಕ್ಷಣ ಮಂಡಳಿಯೂ ಠರಾವು ಮಾಡಿತು. ತಂದೆ ತಾಯಿ ಸುಮ್ಮನೆ ಕೂರಲಿಲ್ಲ, ನ್ಯಾಯಾಲಯಕ್ಕೆ ಹೋದರು. 1885ರ ಜನವರಿಯಲ್ಲಿ ನ್ಯಾಯಾಧೀಶ ಜೇಮ್ಸ್ ಮೆಗೈರ್ ಮೇಮಿಯ ಪರವಾಗಿ ತೀರ್ಪಿತ್ತರು. ಈ ನೆಲದಲ್ಲಿ ಹುಟ್ಟಿದ ಮಗುವಿಗೆ ಶಾಲೆ ನಿರಾಕರಿಸುವುದು ಸಂವಿಧಾನದ ಸಮಾನತೆಗೆ ವಿರುದ್ಧ. ಚೀನಿಯರಿಂದ ಶಾಲೆಗಾಗಿ ತೆರಿಗೆ ಪಡೆದು ಅವರ ಮಕ್ಕಳನ್ನು ಹೊರಗಿಡುವುದು ಅನ್ಯಾಯ ಎಂಬುದು ಅವರ ನಿಲುವು. ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವೂ ಈ ತೀರ್ಪನ್ನು ಎತ್ತಿಹಿಡಿಯಿತು.

ಗೆಲುವು ಬಂತು, ಶಾಲೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಅಧಿಕಾರಿಗಳ ಒತ್ತಾಯಕ್ಕೆ ಮಣಿದು ಶಾಸನಸಭೆ ಅವಸರದಿಂದ ಹೊಸ ಕಾನೂನು ಮಾಡಿತು: ಚೀನಿ ಮಕ್ಕಳಿಗೆ ಪ್ರತ್ಯೇಕ ಶಾಲೆ ತೆರೆಯಬಹುದು, ತೆರೆದ ಮೇಲೆ ಅವರು ಬೇರೆ ಶಾಲೆಗೆ ಹೋಗುವಂತಿಲ್ಲ. ಏಪ್ರಿಲ್‌ನಲ್ಲಿ ಮೇಮಿ ಮತ್ತೆ ಬಂದಾಗ, ಸಿಡುಬಿನ ಲಸಿಕೆಯ ಪತ್ರ ಸರಿಯಿಲ್ಲ, ತರಗತಿ ತುಂಬಿದೆ ಎಂಬ ನೆಪ ಹೇಳಿ ಆಕೆಯನ್ನು ಹಿಂದಕ್ಕೆ ಕಳಿಸಿದರು.

ಆಗ ಮೇರಿ ಲೇಖನಿ ಹಿಡಿದಳು. ಶಿಕ್ಷಣ ಮಂಡಳಿಗೆ ಆಕೆ ಬರೆದ ಪತ್ರ ಪತ್ರಿಕೆಯಲ್ಲೂ ಅಚ್ಚಾಯಿತು. ಚೀನಿಯಾಗಿ ಹುಟ್ಟುವುದು ಅವಮಾನವೇ, ನಮ್ಮೆಲ್ಲರನ್ನೂ ಸೃಷ್ಟಿಸಿದವನು ದೇವರಲ್ಲವೇ ಎಂದು ಆಕೆ ಕೇಳಿದ್ದಳು. ನನ್ನ ಮಗಳು ನಿಮ್ಮ ಚೀನಿ ಶಾಲೆಗೆ ಎಂದೆಂದಿಗೂ ಕಾಲಿಡುವುದಿಲ್ಲ ಎಂದು ಖಂಡಿತವಾಗಿ ತಿಳಿಸಿದ್ದಳು. ಇಂಗ್ಲಿಷ್‌ನಲ್ಲಿ ಅಲ್ಲಲ್ಲಿ ತಪ್ಪುಗಳಿದ್ದವು. ಮಾತಿನಲ್ಲಿ ಅಳುಕು ಇರಲಿಲ್ಲ.

ಆದರೂ ಅದೇ ತಿಂಗಳು ಚೀನಿ ಶಾಲೆ ತೆರೆದಾಗ ಅದರ ಮೊದಲ ವಿದ್ಯಾರ್ಥಿಗಳಲ್ಲಿ ಮೇಮಿ ಮತ್ತು ಫ್ರಾಂಕ್ ಇದ್ದರು. ತಾಯಿ ಸೋತಳೆಂದು ಕೆಲವರು ಹೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಆಕೆ ಹೋರಾಡಿದ್ದು ತನ್ನ ಮಾತು ಗೆಲ್ಲಲೆಂದಲ್ಲ, ಮಕ್ಕಳು ಓದಲೆಂದು. ಹೊರಗಿನ ಅನ್ಯಾಯ ಸರಿಹೋಗುವ ತನಕ ಮಕ್ಕಳ ಬಾಲ್ಯ ಕಾಯುವುದಿಲ್ಲ. ಬಹಿರಂಗವಾಗಿ ಆಡಿದ ಮಾತನ್ನು ಮಕ್ಕಳಿಗಾಗಿ ನುಂಗಿಕೊಳ್ಳಲು, ಅದನ್ನು ಆಡಲು ಬೇಕಾದಷ್ಟೇ ಧೈರ್ಯ ಬೇಕು.

ಮೇರಿ ಕಹಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಳಲಿಲ್ಲ. ಮನೆಗೆಲಸದ ನಡುವೆಯೇ ಚಿತ್ರ ಬಿಡಿಸುವುದನ್ನು, ಪಿಂಗಾಣಿ ಪಾತ್ರೆಗಳ ಮೇಲೆ ಬಣ್ಣ ಹಾಕುವುದನ್ನು ರೂಢಿಸಿಕೊಂಡಳು. ಕ್ಯಾಮೆರಾ ಹಿಡಿದು ಫೋಟೋ ತೆಗೆದಳು, ತಾನೇ ತೊಳೆದು ಪ್ರತಿ ಮಾಡಿದಳು. ತಂತಿ ಸಂದೇಶ ಕಳುಹಿಸುವುದನ್ನೂ ಕಲಿತಳು. 1892ರಲ್ಲಿ ನಗರದ ಪತ್ರಿಕೆಯೊಂದು ಆಕೆಯ ಈ ಕೌಶಲಗಳ ಬಗ್ಗೆ ಬೆರಗಿನಿಂದ ಬರೆಯಿತು. ಮುಂದೆ ಸಂಸಾರ ಕೊಲ್ಲಿಯ ಆಚೆಗಿನ ಬರ್ಕ್ಲಿ ಊರಿಗೆ ಹೋಯಿತು. ಅಲ್ಲಿ ಕಿರಿಯ ಮಕ್ಕಳು ಬಿಳಿಯ ಮಕ್ಕಳ ಜೊತೆಯಲ್ಲೇ ಕುಳಿತು ಓದಿದರು. ಎರಡು ಭಾಷೆಗಳ ನಡುವೆ ಬೆಳೆದ ಮನೆಯಿಂದ ದುಭಾಷಿಗಳೂ ಬಂದರು: ಫ್ರಾಂಕ್ ವಲಸೆ ಇಲಾಖೆಯಲ್ಲಿ ಆ ಕೆಲಸ ಮಾಡಿದ.

ಮೇರಿ 1934ರಲ್ಲಿ ತೀರಿಕೊಂಡಳು; ಮರುವರ್ಷ ಜೋಸೆಫ್ ಹಿಂಬಾಲಿಸಿದ. ಪ್ರತ್ಯೇಕ ಶಾಲೆಗಳಿಗೆ ಅವಕಾಶ ಕೊಟ್ಟ ಆ ಕಾನೂನು ಕ್ಯಾಲಿಫೋರ್ನಿಯದಲ್ಲಿ ರದ್ದಾದದ್ದು 1947ರಲ್ಲಿ. ಅದನ್ನು ನೋಡಲು ಆಕೆ ಇರಲಿಲ್ಲ.

ಪ್ರಿಯ ಓದುಗರೇ, ಆ ಮುಖ್ಯೋಪಾಧ್ಯಾಯಿನಿ, ಆ ಮಂಡಳಿಯ ಸದಸ್ಯರು ಯಾವುದೋ ದೂರದ ಕ್ರೂರಿಗಳಲ್ಲ. ಮೇರಿ ನಂಬಿದ್ದ ದೇವರನ್ನೇ ಅವರಲ್ಲೂ ಅನೇಕರು ನಂಬಿದ್ದರು. ಅಂದು ಆ ತಾಯಿ ತನ್ನ ಪತ್ರದಲ್ಲಿ ಎತ್ತಿದ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲ. ನಮ್ಮ ನೆರೆಯ ಮಗುವೊಂದನ್ನು ಅದರ ಹುಟ್ಟು ನೋಡಿ ದೂರ ಕೂರಿಸುವಾಗಲೆಲ್ಲ ಅದೇ ಪ್ರಶ್ನೆ ನಮ್ಮ ಮುಂದೆಯೂ ನಿಂತಿರುತ್ತದೆ.