ದೀಪಧಾರಿಣಿ ಕಾದ 16 ವರ್ಷ

ದೀಪಧಾರಿಣಿ ಯಾರು ಅಂತ ಕೇಳಿದರೆ ನೀವೆಲ್ಲ ಕೈ ಎತ್ತುತ್ತೀರಿ. ಗಾಯಗೊಂಡ ಸೈನಿಕರನ್ನು ರಾತ್ರಿ ದೀಪ ಹಿಡಿದು ನೋಡಿಕೊಂಡ ಫ್ಲಾರೆನ್ಸ್ ನೈಟಿಂಗೇಲ್. ಆದರೆ ಆ ದೀಪ ಹಿಡಿಯುವುದಕ್ಕೆ ಮೊದಲು ಅವರು ಎಷ್ಟು ವರ್ಷ ಮನೆಯಲ್ಲಿ ಕಾಯುತ್ತಾ ಕೂತಿದ್ದರು ಅನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬರೆಯಬೇಕು ಅನ್ನಿಸಿತು.

ಇವರು 1820ನೇ ಇಸವಿ ಮೇ 12ರಂದು ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ಜನಿಸಿದರು. ತಂದೆ ತಾಯಿ ಇಂಗ್ಲೆಂಡಿನ ಶ್ರೀಮಂತರು, ಪ್ರವಾಸಕ್ಕೆ ಹೋಗಿದ್ದರು. ಹುಟ್ಟಿದ ಊರಿನ ಹೆಸರನ್ನೇ ಮಗಳಿಗೆ ಇಟ್ಟರು. (ನಮ್ಮಲ್ಲಿ ಹಾಗೆ ಮಾಡಿದರೆ ನಮ್ಮ ತರಗತಿಯಲ್ಲಿ ಅರ್ಧ ಜನರಿಗೆ ತಾಲ್ಲೂಕು ಆಸ್ಪತ್ರೆ ಇರುವ ಊರಿನ ಹೆಸರೇ ಇರುತ್ತಿತ್ತು!) ಆಗ ಹೆಣ್ಣುಮಕ್ಕಳನ್ನು ಹೆಚ್ಚು ಓದಿಸುತ್ತಿರಲಿಲ್ಲ. ಆದರೂ ತಂದೆ ವಿಲಿಯಂ ಅವರು ಮನೆಯಲ್ಲೇ ಗ್ರೀಕ್, ಲ್ಯಾಟಿನ್, ಚರಿತ್ರೆ ಎಲ್ಲ ಹೇಳಿಕೊಟ್ಟರು. ಫ್ಲಾರೆನ್ಸ್‌ಗೆ ಗಣಿತ ಅಂದರೆ ಪ್ರಾಣ.

1837ನೇ ಇಸವಿ ಫೆಬ್ರವರಿ 7ರಂದು, 16 ವರ್ಷದವರಿದ್ದಾಗ, ದೇವರು ತನ್ನನ್ನು ಸೇವೆಗೆ ಕರೆದ ಅಂತ ಅವರಿಗೆ ಅನ್ನಿಸಿತು. ಆದರೆ ಯಾವ ಸೇವೆ ಅಂತ ತಿಳಿಯಲಿಲ್ಲ. ಸುತ್ತಮುತ್ತಲ ಹಳ್ಳಿಗಳಲ್ಲಿ ಕಾಯಿಲೆ ಬಿದ್ದ ಬಡವರ ಮನೆಗೆ ಹೋಗಿ ಬಂದು ಮಾಡುತ್ತಾ, ರೋಗಿಗಳ ಸೇವೆಯೇ ತನ್ನ ಕೆಲಸ ಅಂತ ಗೊತ್ತಾಗುವುದಕ್ಕೇ ಎಷ್ಟೋ ವರ್ಷ ಹಿಡಿಯಿತು. 1845ರಲ್ಲಿ ಸಾಲಿಸ್‌ಬರಿ ಊರಿನ ಆಸ್ಪತ್ರೆಗೆ ಹೋಗಿ ಕೆಲಸ ಕಲಿಯುತ್ತೇನೆ ಅಂತ ಕೇಳಿದರು. ಮನೆಯಲ್ಲಿ ಒಪ್ಪಲೇ ಇಲ್ಲ. ಅಮ್ಮ ಅತ್ತರು, ಅಕ್ಕನಿಗೆ ಮೈಗೆ ಹುಷಾರಿಲ್ಲದಂತಾಯಿತು. ಅವರದ್ದೂ ಪೂರ್ತಿ ತಪ್ಪು ಅಂತ ಹೇಳಲಾರೆ. ಆಗಿನ ಆಸ್ಪತ್ರೆಗಳು ಗಲೀಜು, ದಾದಿಯರು ಕುಡಿಯುತ್ತಾರೆ ಅಂತ ಜನ ಹೇಳುತ್ತಿದ್ದರು.

ಫ್ಲಾರೆನ್ಸ್ ಮನೆ ಬಿಟ್ಟು ಓಡಿಹೋಗಲಿಲ್ಲ. ಆಸೆಯನ್ನೂ ಬಿಡಲಿಲ್ಲ. ಬೆಳಗಿನ ಜಾವ ಎಲ್ಲರೂ ಏಳುವ ಮುಂಚೆ ಎದ್ದು ಮೇಣದ ಬತ್ತಿ ಬೆಳಕಲ್ಲಿ ಆಸ್ಪತ್ರೆಗಳ ಸರ್ಕಾರಿ ವರದಿಗಳನ್ನು ಓದಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಏನೂ ಗೊತ್ತಿಲ್ಲದವರ ಹಾಗೆ ಬಂದು ತಿಂಡಿಗೆ ಕೂರುತ್ತಿದ್ದರು. ಒಳ್ಳೆಯ ಮನೆತನದ ಗಂಡು ವರ್ಷಗಟ್ಟಲೆ ಕಾದರೂ ಮದುವೆ ಬೇಡ ಅಂದರು. ಬೇಸರದಿಂದ ಸತ್ತರೆ ಸಾಕು ಅಂತಲೂ ಅವರಿಗೆ ಅನ್ನಿಸಿತ್ತಂತೆ. 1850ರಲ್ಲಿ ಗ್ರೀಸ್ ದೇಶದ ಅಥೆನ್ಸಿನಲ್ಲಿ ಹುಡುಗರ ಕೈಯಿಂದ ಒಂದು ಗೂಬೆಮರಿ ಬಿಡಿಸಿಕೊಂಡು ತಂದು ಸಾಕಿದರು. ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ನಮ್ಮಜ್ಜಿ ಕೇಳಿದರೆ ಬಯ್ಯುತ್ತಿದ್ದಳು.

ನನಗೆ ಗೊತ್ತಿರುವ ಒಬ್ಬ ಅಕ್ಕ ಇದ್ದಾಳೆ. ಎಸ್‌.ಎಸ್‌.ಎಲ್‌.ಸಿ. ಪಾಸಾಗಿ ಎರಡು ವರ್ಷ ಆಯಿತು. ನರ್ಸಿಂಗ್ ಓದುತ್ತೇನೆ ಅನ್ನುತ್ತಾಳೆ, ಮನೆಯಲ್ಲಿ ಬೇಡ ಅನ್ನುತ್ತಾರೆ. ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ಹೆಸರು ಬರೆಯುವುದಿಲ್ಲ. ಈ ಭಾಗ ಬರೆಯುವಾಗ ಅವಳ ನೆನಪೇ ಬರುತ್ತಿತ್ತು.

ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ 3 ತಿಂಗಳು ತರಬೇತಿಗೆ ಹೋಗಲು ಬಿಟ್ಟರು. 1853ರಲ್ಲಿ ಲಂಡನ್ನಿನ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಕಿ ಆದರು. ಲೆಕ್ಕ ಹಾಕಿ ನೋಡಿ, ಕರೆ ಕೇಳಿದ ದಿನದಿಂದ 16 ವರ್ಷ!

ಮಾರನೇ ವರ್ಷವೇ ಕ್ರಿಮಿಯಾ ಯುದ್ಧ. ಗಾಯಾಳುಗಳನ್ನು ಕೇಳುವವರೇ ಇಲ್ಲ ಅಂತ ಪತ್ರಿಕೆಯಲ್ಲಿ ಬಂತು. ಫ್ಲಾರೆನ್ಸ್ 38 ಮಂದಿ ಹೆಂಗಸರನ್ನು ಕರೆದುಕೊಂಡು 1854ರ ನವೆಂಬರಿನಲ್ಲಿ ತುರ್ಕಿ ದೇಶದ ಸ್ಕುಟಾರಿ ಆಸ್ಪತ್ರೆ ಸೇರಿದರು. ಅಲ್ಲೂ ಕಾಯಬೇಕಾಯಿತು! ಹೆಂಗಸರಿಗೆ ಇಲ್ಲಿ ಏನು ಕೆಲಸ ಅಂತ ಡಾಕ್ಟರುಗಳು ವಾರ್ಡಿನೊಳಗೆ ಬಿಟ್ಟುಕೊಳ್ಳಲಿಲ್ಲ. ಇವರು ಜಗಳ ಆಡದೆ ಬ್ಯಾಂಡೇಜು ಹೊಲಿಯುತ್ತಾ ಕೂತರು. ಸ್ವಲ್ಪ ದಿನದಲ್ಲೇ ಗಾಯಾಳುಗಳು ಹಡಗುಗಟ್ಟಲೆ ಬಂದು ಬಿದ್ದರು. ಆಗ ಡಾಕ್ಟರುಗಳೇ ಕರೆದರು.

ಇಲಿ, ಹೇನು, ಕಟ್ಟಿಕೊಂಡ ಚರಂಡಿ. ಮಲಗಲು ಹಾಸಿಗೆ ಇಲ್ಲ. ಹಗಲೆಲ್ಲ ದುಡಿದು ರಾತ್ರಿ ಒಬ್ಬರೇ ದೀಪ ಹಿಡಿದು ಸಾಲು ಸಾಲು ಮಂಚಗಳ ನಡುವೆ ಹೋಗುತ್ತಿದ್ದರು. ಅದು ಚಿತ್ರದಲ್ಲಿ ಬರೆಯುವಂಥ ಹಣತೆ ಅಲ್ಲ, ಮಡಚುವ ಲಾಟೀನು.

ಈಗ ಒಂದು ವಿಷಯ. ಅವರು ಹೋದ ಕೂಡಲೇ ಸಾವು ನಿಂತಿತು ಅಂತ ನಾನು ತಿಳಿದಿದ್ದೆ. ಹಾಗೆ ಆಗಲಿಲ್ಲ. 1855ರ ಫೆಬ್ರವರಿಯಲ್ಲಿ ಆಸ್ಪತ್ರೆಗೆ ಬಂದ 100 ಜನರಲ್ಲಿ 42 ಜನ ಸಾಯುತ್ತಿದ್ದರು, ಗಾಯಕ್ಕಿಂತ ಭೇದಿ ಜ್ವರಗಳಿಂದಲೇ ಹೆಚ್ಚು. ಮಾರ್ಚಿನಲ್ಲಿ ಸರ್ಕಾರದ ತಂಡ ಬಂದು ಚರಂಡಿ, ನೀರು ಶುಚಿ ಮಾಡಿಸಿದ ಮೇಲೆ ಸಾವು ತುಂಬಾ ಇಳಿಯಿತು. ಯುದ್ಧ ಮುಗಿದು ಮನೆಗೆ ಬಂದು ಲೆಕ್ಕ ತೆಗೆದಾಗಲೇ ಅವರಿಗೆ ಇದು ಪೂರ್ತಿ ತಿಳಿದದ್ದು. ಅಷ್ಟೊಂದು ಜನರ ಕೈ ಹಿಡಿದು ಕೂತಿದ್ದರಲ್ಲ, ಎಷ್ಟು ಸಂಕಟ ಆಗಿರಬೇಕು. ಆದರೆ ಅವರು ಅದನ್ನು ಮುಚ್ಚಿಡಲಿಲ್ಲ. ಸತ್ತವರ ಲೆಕ್ಕವನ್ನು ಬಣ್ಣದ ಚಿತ್ರ ಮಾಡಿ ದೊಡ್ಡವರಿಗೆಲ್ಲ ತೋರಿಸಿದರು. ಗಣಿತ ಉಪಯೋಗಕ್ಕೆ ಬಂದದ್ದು ಇಲ್ಲಿ!

ಯುದ್ಧಭೂಮಿಯಲ್ಲಿ ಹಿಡಿದ ಜ್ವರದಿಂದ ಅವರ ಆರೋಗ್ಯ ಕೆಟ್ಟಿತು. 1857ರಿಂದ ಎಷ್ಟೋ ವರ್ಷ ಹೆಚ್ಚಾಗಿ ಹಾಸಿಗೆಯಲ್ಲೇ. ಆದರೂ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆಸಿದರು. ನಮ್ಮ ದೇಶಕ್ಕೆ ಒಮ್ಮೆಯೂ ಬರಲಿಲ್ಲ. ಆದರೆ ಇಲ್ಲಿನ ದಂಡು ಪ್ರದೇಶಗಳಿಂದ ವರದಿ ತರಿಸಿಕೊಂಡು ಓದಿ, ಬೆಂಗಳೂರಿನ ಹಲಸೂರು ಕೆರೆಗೆ ಕೊಳಚೆ ಸೇರುತ್ತದೆ, ಅದನ್ನೇ ಕುಡಿಯುತ್ತಾರೆ ಅಂತ ಬರೆದರು. 1876ರ ಧಾತು ಈಶ್ವರ ಬರದಲ್ಲಿ ನಮ್ಮ ಕಡೆ ಲಕ್ಷಗಟ್ಟಲೆ ಜನ ಸತ್ತಾಗ, ಕಾಲುವೆ ಮಾಡಿಸಿ ರೈತರಿಗೆ ನೀರು ಕೊಡಿ ಅಂತ ಹಾಸಿಗೆಯಿಂದಲೇ ಬರೆದು ಬರೆದು ಕೇಳಿದರು.

ಕೊನೆಗಾಲದಲ್ಲಿ ಕಣ್ಣು ಕಾಣುತ್ತಿರಲಿಲ್ಲ. 1910ನೇ ಇಸವಿ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ದೊಡ್ಡ ದೊಡ್ಡವರನ್ನು ಮಣ್ಣು ಮಾಡುವ ಲಂಡನ್ನಿನ ಚರ್ಚಿನಲ್ಲೇ ಜಾಗ ಕೊಡುತ್ತೇವೆ ಅಂದರು. ಮನೆಯವರು ಬೇಡ ಅಂದು ತಮ್ಮ ಊರಿನ ಕಡೆಯ ಸಣ್ಣ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಅವರ ಪೂರ್ತಿ ಹೆಸರೂ ಇಲ್ಲ. ಎರಡು ಅಕ್ಷರ, ಹುಟ್ಟಿದ್ದು ಮತ್ತು ಸತ್ತದ್ದು ಅಷ್ಟೇ.

– 7ನೇ ತರಗತಿಯ ವಿದ್ಯಾರ್ಥಿನಿ