ಗಟ್ಟುವಿನ ಜನಕ ಆರ್. ಕೆ. ಲಕ್ಷ್ಮಣ್

ಶಿಡ್ಲಘಟ್ಟದ ನಮ್ಮ ಮನೆಯ ಹಿತ್ತಲ ಗೂಡಿನಲ್ಲಿ ಬಣ್ಣದ ಹಳೆಯ ಡಬ್ಬವೊಂದಿದೆ. ನಮ್ಮ ತಂದೆಯವರದು ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ. ಅವರ ಬ್ರಷ್ಷುಗಳೆಲ್ಲ ಆ ಡಬ್ಬದಲ್ಲಿರುತ್ತವೆ. ಅದರ ತಗಡಿನ ಮೇಲೆ ಒಬ್ಬ ಹುಡುಗನ ಚಿತ್ರ. ಕಣ್ಣಿನ ಮೇಲೆ ಇಳಿಬಿದ್ದ ಕೂದಲು, ಕೈಯಲ್ಲಿ ಬಣ್ಣದ ಡಬ್ಬ ಮತ್ತು ಬ್ರಷ್ಷು, ಮುಖದಲ್ಲಿ ಈಗತಾನೆ ಯಾರದೋ ಗೋಡೆಯನ್ನು ಕೆಡಿಸಿ ಬಂದವನ ಸಂತೋಷ. ಇವನೇ ಗಟ್ಟು. ಅಕ್ಷರ ಕಲಿಯುವುದಕ್ಕೆ ಮೊದಲೇ ನಾನು ಅವನನ್ನು ಬಲ್ಲೆ. ಆದರೆ ಅವನನ್ನು ಬರೆದವರು ಮೈಸೂರಿನಲ್ಲಿ ಹುಟ್ಟಿ ಬೆಳೆದವರೆಂದು ತಿಳಿದದ್ದು ಚಿಕ್ಕಬಳ್ಳಾಪುರದ ಈ ಕಾಲೇಜಿಗೆ ಸೇರಿ, ಗ್ರಂಥಾಲಯದ ಮೂಲೆಯಲ್ಲಿ ಒಂದು ಪುಸ್ತಕವನ್ನು ತೆರೆದ ಮೇಲೆ. ನಮ್ಮ ತಂದೆಯವರಿಗಂತೂ ಅದು ಗೊತ್ತೇ ಇರಲಿಲ್ಲ.

ರಾಶಿಪುರಂ ಕೃಷ್ಣಸ್ವಾಮಿ ಅಯ್ಯರ್ ಲಕ್ಷ್ಮಣ್ ಅವರು 1921ರ ಅಕ್ಟೋಬರ್ 24ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಶಾಲೆಯ ಮುಖ್ಯೋಪಾಧ್ಯಾಯರು. ಮಗ ಮಾತ್ರ ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಗೀಚಿ ತುಂಬಿಸುತ್ತಿದ್ದನು. ಅಣ್ಣಂದಿರಲ್ಲಿ ಒಬ್ಬರು ಮುಂದೆ ಮಾಲ್ಗುಡಿಯನ್ನು ಸೃಷ್ಟಿಸಿದ ಆರ್. ಕೆ. ನಾರಾಯಣ್. ಶಾಲೆಯಲ್ಲಿ ಒಮ್ಮೆ ಎಲೆಯ ಚಿತ್ರ ಬರೆಯಲು ಹೇಳಿದಾಗ ಈ ಹುಡುಗ ಬರೆದ ಅರಳಿ ಎಲೆಯನ್ನು ಉಪಾಧ್ಯಾಯರು ಮೆಚ್ಚಿ ಹೊಗಳಿದರು. ತಾನು ಚಿತ್ರಗಾರನೆಂದು ಲಕ್ಷ್ಮಣ್ ನಂಬಿದ್ದು ಅಂದಿನಿಂದಲೇ. ಒಂದು ಎಲೆಯನ್ನು ಹೊಗಳಿದ್ದರಿಂದ ಇಷ್ಟಾಯಿತೆಂದರೆ ಉಪಾಧ್ಯಾಯರ ಮಾತಿನ ಬೆಲೆ ಎಷ್ಟೆಂದು ನೋಡಿ. ಕಾಗೆಯೆಂದರೆ ಅವರಿಗೆ ಬಹಳ ಪ್ರೀತಿ. ನಾವೆಲ್ಲ ಕಲ್ಲೆಸೆದು ಓಡಿಸುವ ಆ ಕಪ್ಪು ಹಕ್ಕಿಯನ್ನು ಅವರು ಜೀವಮಾನವೆಲ್ಲ ಬರೆದರು.

ತಂದೆ ಪಾರ್ಶ್ವವಾಯುವಿಗೆ ಗುರಿಯಾಗಿ ತೀರಿಕೊಂಡರು. ಪ್ರೌಢಶಾಲೆಯ ತರುವಾಯ ಲಕ್ಷ್ಮಣ್ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಅವರ ಚಿತ್ರಗಳಲ್ಲಿ ತಮ್ಮ ಶಾಲೆಗೆ ಬೇಕಾದಷ್ಟು ಪ್ರತಿಭೆ ಕಾಣುವುದಿಲ್ಲವೆಂದು ಉತ್ತರ ಬಂದಿತು. ಪುಸ್ತಕದಲ್ಲಿ ಈ ಸಂಗತಿಯನ್ನು ಓದಿದ ದಿನ ನಾನು ಪುಟ ಮಗುಚದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಪರೀಕ್ಷೆ ಮುಗಿದ ಮೇಲೆ ನಾನೂ ಅರ್ಜಿಗಳನ್ನು ಹಾಕಬೇಕು, ಅವುಗಳಿಗೂ ಉತ್ತರ ಬರಬೇಕು. ಲಕ್ಷ್ಮಣ್ ಮೈಸೂರಿಗೆ ಬೆನ್ನು ತಿರುಗಿಸಲಿಲ್ಲ, ಬ್ರಷ್ಷನ್ನೂ ಕೆಳಗಿಡಲಿಲ್ಲ. ಮಹಾರಾಜಾ ಕಾಲೇಜಿಗೆ ಸೇರಿ ಬಿ.ಎ. ಓದಿದರು; ಓದುತ್ತಲೇ ಅಣ್ಣನ ಕಥೆಗಳಿಗೆ ಚಿತ್ರ ಬರೆದರು.

ಕನ್ನಡಿಗರು ವಿಶೇಷವಾಗಿ ನೆನೆಯಬೇಕಾದ್ದು ಇದೇ ಕಾಲವನ್ನು. ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ನಮ್ಮೆಲ್ಲರ ರಾಶಿ, 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದ್ದರು. ರೋಗಿಗಳ ನಾಡಿ ನೋಡುವ ಕೈಯೇ ಅದರ ಪುಟಗಳನ್ನೂ ತಿದ್ದುತ್ತಿತ್ತು. ಈ ತರುಣನನ್ನು ಕರೆದು ಬೆನ್ನು ತಟ್ಟಿ ಅವರು ಬರೆಯಿಸಿದರು. ಮುಂಬಯಿಯ ಶಾಲೆ ಬೇಡವೆಂದ ಗೆರೆಯನ್ನು ಕನ್ನಡದ ಒಂದು ಬಡ ಪತ್ರಿಕೆ ಬೇಕೆಂದಿತು. ಇಂಗ್ಲಿಷಿನ ಲಕ್ಷ್ಮಣ್ ಎಂದು ಅವರನ್ನು ದೂರವಿಡುವವರು ಇದನ್ನು ಮರೆಯಬಾರದು.

ಮುಂದಿನದು ಬಹುಮಟ್ಟಿಗೆ ಎಲ್ಲರೂ ಬಲ್ಲದ್ದು. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಒಂದು ರಜೆಯ ಕೆಲಸ. ಮುಂಬಯಿಯ ಫ್ರೀ ಪ್ರೆಸ್ ಜರ್ನಲ್‌ನಲ್ಲಿ ವ್ಯಂಗ್ಯಚಿತ್ರಕಾರನ ನೌಕರಿ. ಅನಂತರ ಟೈಮ್ಸ್ ಆಫ್ ಇಂಡಿಯಾ. ಅಲ್ಲಿ ಚೌಕುಳಿ ಕೋಟು ತೊಟ್ಟು, ಪಂಚೆ ಉಟ್ಟು, ಒಂದು ಮಾತೂ ಆಡದೆ ಎಲ್ಲವನ್ನೂ ನೋಡುತ್ತ ನಿಂತ ಶ್ರೀಸಾಮಾನ್ಯನು ಅರ್ಧ ಶತಮಾನ ದೇಶದ ಬೆಳಗಿನ ಕಾಫಿಗೆ ಜೊತೆಯಾದನು. 1984ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ.

ನಾನು ಹೇಳಬೇಕೆಂದಿರುವುದು ಆ ಮುದುಕನ ವಿಷಯವಲ್ಲ, ಈ ಹುಡುಗನ ವಿಷಯ. 1954ರಲ್ಲಿ ಏಷಿಯನ್ ಪೇಂಟ್ಸ್ ಕಂಪೆನಿಗಾಗಿ ಲಕ್ಷ್ಮಣ್ ಇವನನ್ನು ಬರೆದುಕೊಟ್ಟರು. ಹೆಸರಿಡಲು ಕಂಪೆನಿಯು ಸ್ಪರ್ಧೆ ಏರ್ಪಡಿಸಿ 500 ರೂಪಾಯಿ ಬಹುಮಾನವಿಟ್ಟಿತು. ಬಂದ ಉತ್ತರಗಳು 47,000ಕ್ಕೂ ಮೀರಿದವು. ಗಟ್ಟು ಎಂಬ ಹೆಸರನ್ನು ಮುಂಬಯಿಯ ಇಬ್ಬರು ಸೂಚಿಸಿದ್ದರು.

ಬಿಯರಿನ ಮಾತು ಕಾಲೇಜು ಪತ್ರಿಕೆಗೆ ಒಪ್ಪುವುದೋ ಇಲ್ಲವೋ ಕಾಣೆ. ಆದರೂ ಇಲ್ಲಿ ಹೇಳದೆ ವಿಧಿಯಿಲ್ಲ. ಅದೇ ವರ್ಷಗಳಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಹ್ಯಾಮ್ಸ್ ಬಿಯರಿಗಾಗಿ ಒಂದು ಗೆರೆಯ ಕರಡಿ ಕಾಲು ಜಾರಿ ನೀರಿಗೆ ಬಿದ್ದು ಜನರನ್ನು ನಗಿಸುತ್ತಿತ್ತು. 1955ರಿಂದ ನ್ಯೂಯಾರ್ಕಿನಲ್ಲಿ ಪೀಲ್ಸ್ ಬಿಯರಿಗಾಗಿ ಬರ್ಟ್ ಮತ್ತು ಹ್ಯಾರಿ ಎಂಬ ಇಬ್ಬರು ಚಿತ್ರದ ಅಣ್ಣತಮ್ಮಂದಿರು ಜಗಳವಾಡುತ್ತಿದ್ದರು. ಆ ಜಾಹೀರಾತು ಬರುವ ಹೊತ್ತನ್ನು ಕೇಳಿ ತಿಳಿದು ಜನ ಕಾದು ನೋಡುತ್ತಿದ್ದರಂತೆ. ಅಲ್ಲಿನ ಮುದುಕರು ಇಂದಿಗೂ ಅವನ್ನು ನೆನೆದು ನಗುತ್ತಾರೆ. ನಮ್ಮ ದೇಶದಲ್ಲಿ ಆಗ ಟೆಲಿವಿಷನ್ನೇ ಇರಲಿಲ್ಲ. ದೆಹಲಿಯಲ್ಲಿ ಪ್ರಯೋಗವಾಗಿ ಆರಂಭವಾದದ್ದು 1959ರಲ್ಲಿ, ಬೆಂಗಳೂರಿಗೆ ಬಂದದ್ದು 1981ರಲ್ಲಿ. ಅಲ್ಲಿ ತೆರೆಯ ಮೇಲೆ ಓಡಾಡಿದ ನಗು ಇಲ್ಲಿ ತಗಡಿನ ಡಬ್ಬದ ಮೇಲೆ, ಅಂಗಡಿಯ ಬೋರ್ಡಿನ ಮೇಲೆ ನಿಂತಿತ್ತು. ಗೌರಿಬಿದನೂರಿನ ಸಂತೆಗೆ ಬಂದವನು ಓದು ಬಾರದಿದ್ದರೂ ಆ ಹುಡುಗನ ಡಬ್ಬ ಕೊಡಿ ಎಂದು ಬೆರಳು ಮಾಡಿ ಕೇಳಬಹುದಾಗಿತ್ತು.

ನಮ್ಮ ತಾಯಿ ಚಿಕ್ಕಂದಿನಲ್ಲಿ ಬೀದಿಗೆ ಒಂದೇ ಆಗಿದ್ದ ಟೀವಿಯ ಮುಂದೆ ನೆಲದ ಮೇಲೆ ಕುಳಿತು ನೋಡಿದವರು. ಲಕ್ಷ್ಮಣರ ಚಿತ್ರಗಳೊಡನೆ ಶುರುವಾಗುತ್ತಿದ್ದ, ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಅವರಿಗೆ ನೆನಪಿದೆ. ಅದಕ್ಕಿಂತ ಹೆಚ್ಚಾಗಿ ನಡುನಡುವೆ ಬರುತ್ತಿದ್ದ ಜಾಹೀರಾತುಗಳ ಹಾಡು ನೆನಪಿದೆ. ಭಾಷೆ ತಿಳಿಯದಿದ್ದರೂ ರಾಗ ತಪ್ಪದೆ ಹೇಳುತ್ತಾರೆ. ಈಗ ಜಾಹೀರಾತು ಬಂದ ಕೂಡಲೇ ನಾವು ಬೆರಳಿಂದ ಸರಿಸಿಬಿಡುತ್ತೇವೆ. ಆಗ ಯಾರೂ ಎದ್ದು ಹೋಗುತ್ತಿರಲಿಲ್ಲವಂತೆ.

ಚಿಂತಾಮಣಿಯಿಂದ ಬರುವ ನನ್ನ ಸಹಪಾಠಿಯೊಬ್ಬನು ಇದನ್ನೆಲ್ಲ ಕೇಳಿ, ಡಬ್ಬಕ್ಕೆ ಬರೆದದ್ದು ಕೂಲಿಯ ಕೆಲಸವೇ ಹೊರತು ಕಲೆಯಲ್ಲ, ಲಕ್ಷ್ಮಣರ ಚರಿತ್ರೆಯಲ್ಲಿ ಅದಕ್ಕೆ ಒಂದು ಸಾಲು ಸಾಕು ಎಂದನು. ಅವನ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಶ್ರೀಸಾಮಾನ್ಯನು ಮಂತ್ರಿಗಳಿಗೆ ಅಂಜಲಿಲ್ಲ. ಗಟ್ಟು ಯಾರನ್ನೂ ಪ್ರಶ್ನಿಸಲಿಲ್ಲ, ಬಣ್ಣ ಮಾರಿದನು, ಅಷ್ಟೆ. ಆದರೆ ಕೂಲಿಯ ಕೆಲಸದಲ್ಲಿ ಕಲೆಯಿಲ್ಲವೆಂದು ನಾನು ಒಪ್ಪಲಾರೆ. ಬಾಗಿಲ ಚೌಕಟ್ಟಿನ ಅಂಚಿಗೆ ಪಟ್ಟಿ ಎಳೆಯುವಾಗ ನಮ್ಮ ತಂದೆ ಉಸಿರು ಬಿಗಿಹಿಡಿಯುವುದನ್ನು ನಾನು ಕಂಡಿದ್ದೇನೆ. ಆ ಪಟ್ಟಿಯ ಕೆಳಗೆ ಅವರ ಹೆಸರಿರುವುದಿಲ್ಲ. ಅವರ ಡಬ್ಬದ ಹುಡುಗನ ಕೆಳಗೂ ಲಕ್ಷ್ಮಣರ ಹೆಸರಿಲ್ಲ.

2002ರಲ್ಲಿ ಕಂಪೆನಿಯು ಗಟ್ಟುವನ್ನು ಕೈಬಿಟ್ಟಿತು. ಕಾಲ ಬದಲಾಗಿತ್ತು, ಬಣ್ಣವನ್ನು ಮಾರಲು ತುಂಟ ಹುಡುಗನ ಬದಲು ಚಂದದ ಮನೆ, ಚಂದದ ಸಂಸಾರ ಬೇಕಾಗಿದ್ದವು. ಮರುವರ್ಷವೇ ಲಕ್ಷ್ಮಣರಿಗೆ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ತಂದೆಯನ್ನು ಕೆಡವಿದ ರೋಗವೇ ಮಗನನ್ನೂ ಹುಡುಕಿಕೊಂಡು ಬಂದಿತ್ತು. 2015ರ ಜನವರಿ 26ರಂದು, ದೇಶವೆಲ್ಲ ಗಣರಾಜ್ಯೋತ್ಸವ ಆಚರಿಸುತ್ತಿದ್ದ ದಿನ, ಪುಣೆಯಲ್ಲಿ ಅವರು ನಿಧನರಾದರು. ಆಗ ಅವರಿಗೆ 93 ವರ್ಷ. ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ಆ ದಿನ ನನಗೆ ನೆನಪಿರುವುದು ಧ್ವಜಾರೋಹಣದ ನಂತರ ಕೊಟ್ಟ ಮಿಠಾಯಿ ಮಾತ್ರ.

ಕಳೆದ ದೀಪಾವಳಿಯ ರಜೆಯಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ತಂದೆಯವರಿಗೆ ಓದಿ ಹೇಳಿದೆ. ಕಲಾಶಾಲೆಯವರು ಬೇಡವೆಂದ ಸಂಗತಿಯನ್ನು ಎರಡು ಸಲ ಹೇಳಿಸಿಕೊಂಡರು. ತರುವಾಯ ಎದ್ದು ಹೋಗಿ ಗೂಡಿನಿಂದ ಡಬ್ಬ ತಂದು, ಬ್ರಷ್ಷುಗಳನ್ನು ಹೊರಗೆ ತೆಗೆದು, ಅದನ್ನು ಬೆಳಕಿಗೆ ಹಿಡಿದು ನೋಡಿದರು. ಟರ್ಪೆಂಟೈನು ಸೋರಿ ಸೋರಿ ಹುಡುಗನ ಒಂದು ಕಾಲು ಆಗಲೇ ಅಳಿಸಿಹೋಗಿತ್ತು. ಈಗ ಅವರು ಬ್ರಷ್ಷುಗಳನ್ನು ನೆನೆಸುವುದು ಬೇರೆ ಡಬ್ಬದಲ್ಲಿ.