ಅಲೆಮಾರಿ ನರದ ಬೆನ್ನುಹತ್ತಿದ ವೈದ್ಯ: ಜೇಮ್ಸ್ ಲಿಯೊನಾರ್ಡ್ ಕಾರ್ನಿಂಗ್

1956ರವರೆಗೆ ಬೀದರ ಮತ್ತು ಗುಲ್ಬರ್ಗಾ ಜಿಲ್ಲೆಗಳಿಗೆ ಸೇರಿದ್ದ ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಲ್ಲಿ ಒಂದೇ ರೋಗಕ್ಕೆ ಹಲವು ಹೆಸರುಗಳಿವೆ. ಕನ್ನಡದವರು ಮೂರ್ಛೆರೋಗವೆಂದರೆ ಮರಾಠಿಗರು ಫೇಫರೆ ಎನ್ನುತ್ತಾರೆ; ಉರ್ದು ಮಾತಿನವರಿಗೆ ಅದು ಮಿರ್ಗಿ. ಆಯುರ್ವೇದದ ಗ್ರಂಥಗಳು ಅದನ್ನು ಅಪಸ್ಮಾರ, ಅಂದರೆ ಸ್ಮೃತಿಯ ಲೋಪ, ಎಂದು ಕರೆದಿವೆ. ಹೆಸರು ಬೇರೆಯಾದರೂ ಸೆಳವು ಬಂದವರ ಕೈಗೆ ಬೀಗದ ಕೈಗೊಂಚಲು ತುರುಕುವುದು ಮಾತ್ರ ಎಲ್ಲ ಭಾಷೆಗಳಲ್ಲಿಯೂ ಒಂದೇ. ಸಾಮಾನ್ಯವಾಗಿ ಸೆಳವು ಕೆಲವು ನಿಮಿಷಗಳಲ್ಲಿ ತಾನಾಗಿ ನಿಲ್ಲುತ್ತದೆ. ಕೀರ್ತಿ ಕಬ್ಬಿಣಕ್ಕೆ ಸಲ್ಲುತ್ತದೆ. ಇಂತಹ ಮೋಸಕ್ಕೆ ಪಂಡಿತರೂ ಹೊರತಲ್ಲವೆಂಬುದು ಕಾರ್ನಿಂಗ್ ಅವರ ಬದುಕಿನಿಂದ ತಿಳಿದುಬರುತ್ತದೆ.

ಅವರು ಜನಿಸಿದ್ದು 1855ರಲ್ಲಿ, ಅಮೆರಿಕದ ಕನೆಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್‌ನಲ್ಲಿ. ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಿಂದ 1878ರಲ್ಲಿ ವೈದ್ಯಪದವಿ ಪಡೆದು, ನ್ಯೂಯಾರ್ಕಿನಲ್ಲಿ ನರರೋಗಗಳ ಚಿಕಿತ್ಸೆಯನ್ನು ಕೈಗೊಂಡರು. 1885ರಲ್ಲಿ ಮೊದಲು ನಾಯಿಯೊಂದಕ್ಕೆ, ಅನಂತರ ರೋಗಿಯೊಬ್ಬನಿಗೆ ಬೆನ್ನೆಲುಬಿನ ಸಂದಿನಲ್ಲಿ ಕೊಕೇನ್ ಚುಚ್ಚಿ ಕೆಳಗಿನ ದೇಹವನ್ನು ಮರಗಟ್ಟಿಸಿದರು. ಇಂದು ಹೆರಿಗೆಯ ಶಸ್ತ್ರಕ್ರಿಯೆಗೆ ಬೆನ್ನಿಗೆ ಕೊಡುವ ಸೂಜಿಯ ಇತಿಹಾಸ ಅವರ ಹೆಸರಿನಿಂದಲೇ ಆರಂಭವಾಗುತ್ತದೆ.

ನಮಗೆ ಪ್ರಸ್ತುತವಾದುದು ಅದೇ ದಶಕದ ಇನ್ನೊಂದು ಸಾಹಸ. ಆಗ ಮೂರ್ಛೆರೋಗಕ್ಕಿದ್ದ ಮುಖ್ಯ ಔಷಧ 1857ರಿಂದ ಬಳಕೆಗೆ ಬಂದ ಬ್ರೋಮೈಡ್. ಅದು ಸೆಳವನ್ನು ತಗ್ಗಿಸುವಾಗ ಬುದ್ಧಿಗೂ ಮಂಕು ಕವಿಸುತ್ತಿತ್ತು. ಮೆದುಳಿಗೆ ರಕ್ತ ಅತಿಯಾಗಿ ನುಗ್ಗುವುದೇ ರೋಗಕ್ಕೆ ಮೂಲವೆಂದು ಕಾರ್ನಿಂಗ್ ನಂಬಿದರು. ಕೊರಳಿನ ಕೆರೋಟಿಡ್ ಧಮನಿಗಳನ್ನು ಅದುಮಲು ಕವಲುಗೋಲಿನಂತಹ ಉಪಕರಣವೊಂದನ್ನು ರಚಿಸಿದರು. ಹೆಚ್ಚು ಹೊತ್ತು ಅದುಮಿಡಲು ಕೊರಳಪಟ್ಟಿಯನ್ನು ಮಾಡಿದರು. ಕೊನೆಗೆ ಅದಕ್ಕೆ ವಿದ್ಯುತ್ತನ್ನೂ ಜೋಡಿಸಿ, ಚರ್ಮದ ಮೇಲಿನಿಂದಲೇ ವೇಗಸ್ ನರವನ್ನು ಪ್ರಚೋದಿಸಿದರು. ಲ್ಯಾಟಿನ್ನಿನಲ್ಲಿ ವೇಗಸ್ ಎಂದರೆ ಅಲೆಮಾರಿ. ತಲೆಯಿಂದ ಹೊರಟು ಗಂಟಲು, ಹೃದಯ, ಶ್ವಾಸಕೋಶ, ಜಠರಗಳವರೆಗೆ ಸುತ್ತುವ ನರಕ್ಕೆ ಇದಕ್ಕಿಂತ ಒಪ್ಪುವ ಹೆಸರು ದೊರೆಯದು. ಈ ನರ ಹೃದಯದ ಬಡಿತವನ್ನು ನಿಧಾನಗೊಳಿಸುವುದರಿಂದ ಮೆದುಳಿನ ರಕ್ತವೂ ಇಳಿಯುವುದೆಂಬುದು ಅವರ ಲೆಕ್ಕ.

ತಮ್ಮ ರೋಗಿಗಳು ಸುಧಾರಿಸಿದರೆಂದು ಅವರು ಸಾರಿದರು. ಆದರೆ ತಲೆಸುತ್ತು, ನಾಡಿಯ ಇಳಿತ, ಪ್ರಜ್ಞೆತಪ್ಪುವಿಕೆಗಳೂ ಬಂದವು. ಸಹೋದ್ಯೋಗಿಗಳಿಗೆ ಅದೇ ಫಲ ಸಿಗಲಿಲ್ಲ. ಶತಮಾನ ಮುಗಿಯುವ ಮೊದಲೇ ಆ ಯಂತ್ರವನ್ನು ಜನ ಮರೆತರು. ತಾನಾಗಿ ನಿಂತ ಸೆಳವಿನ ಕೀರ್ತಿ ಯಂತ್ರಕ್ಕೆ ಹೋಗಿರಬೇಕೆಂಬುದು ನನ್ನ ಊಹೆ. ಕಾರ್ನಿಂಗ್ ಮಾತ್ರ ಸುಮ್ಮನಿರುವ ಜೀವವಲ್ಲ. ನಿದ್ರಿಸುವ ರೋಗಿಗೆ ಸಂಗೀತ ಕೇಳಿಸುವ ಚಿಕಿತ್ಸೆಯ ಬಗ್ಗೆ 1899ರಲ್ಲಿ ಬರೆದರು. ಒಂದು ಪ್ರಣಯ ಕಾದಂಬರಿಯನ್ನೂ ಪ್ರಕಟಿಸಿದರು. 1923ರಲ್ಲಿ ತೀರಿಕೊಂಡರು.

ಅವರ ತರ್ಕ ಬಿದ್ದುಹೋಯಿತು, ಅವರು ಮುಟ್ಟಿದ ನರ ಉಳಿಯಿತು. 1938ರಲ್ಲಿ ಬೆಯ್ಲಿ ಮತ್ತು ಬ್ರೆಮರ್ ಬೆಕ್ಕುಗಳಲ್ಲಿ ಈ ನರವನ್ನು ಪ್ರಚೋದಿಸಿದಾಗ ಮೆದುಳಿನ ವಿದ್ಯುತ್ ಅಲೆಗಳೇ ಬದಲಾದವು. 1985ರಲ್ಲಿ ಜೇಕಬ್ ಜಬಾರಾ ನಾಯಿಗಳಲ್ಲಿ ಸೆಳವನ್ನು ತಡೆದರು. 1988ರಲ್ಲಿ ಮೊದಲ ಬಾರಿಗೆ ಮನುಷ್ಯನ ದೇಹದೊಳಗೆ ಯಂತ್ರವನ್ನು ಇರಿಸಲಾಯಿತು. 1997ರಲ್ಲಿ ಅಮೆರಿಕ ಸರ್ಕಾರ ಅನುಮತಿ ನೀಡಿತು. ಎದೆಯ ಚರ್ಮದಡಿಯ ಪುಟ್ಟ ಯಂತ್ರದಿಂದ ಎಡಗೊರಳಿನ ನರಕ್ಕೆ ತಂತಿ ಹೋಗುತ್ತದೆ. ಹೃದಯದ ಬಡಿತಕ್ಕೆ ಬಲಗಡೆಯ ನರ ಹೆಚ್ಚು ಹತ್ತಿರವಾದ್ದರಿಂದ ಎಡದ ಆಯ್ಕೆ. ಕಾರ್ನಿಂಗ್ ಬಯಸಿದ್ದ ನಾಡಿಯ ಇಳಿತವನ್ನೇ ಈಗಿನವರು ತಪ್ಪಿಸುತ್ತಾರೆ.

ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಮಾತ್ರೆಗಳು ಸಾಲವು. ಸರಿಯಾಗಿ ಆರಿಸಿದ ಎರಡು ಔಷಧಗಳು ಸೋತರೆ ತಜ್ಞರನ್ನು ಕಾಣಬೇಕು. ಮಾತ್ರೆ ನಿಲ್ಲಿಸಿ ತಾಯಿತ ಕಟ್ಟಿಸುವುದು ಅಪಾಯಕರ. ಮೆದುಳಿನ ಶಸ್ತ್ರಕ್ರಿಯೆ ಒಗ್ಗದವರಿಗೆ ಈ ಯಂತ್ರವನ್ನು ಸೂಚಿಸುತ್ತಾರೆ. ಇದು ರೋಗವನ್ನು ಕಿತ್ತುಹಾಕುವುದು ಅಪರೂಪ. ಹಲವರಲ್ಲಿ ಸೆಳವುಗಳು ಕಾಲಕ್ರಮದಲ್ಲಿ ಅರ್ಧಕ್ಕಿಳಿಯುತ್ತವೆ, ಮಾತ್ರೆಗಳು ಮುಂದುವರಿಯುತ್ತವೆ, ಯಂತ್ರ ಮಿಡಿದಾಗಲೆಲ್ಲ ದನಿ ತುಸು ಒಡೆಯುತ್ತದೆ.